ಬಾಳಮ್ಮ ಕೆಡಿಸದ ಫೋನು

ಗೋವಾದ ಗುಡ್ಡದ ಮೇಲಿನ ಮೋತಿ ಡೊಂಗರ್‌ನಲ್ಲಿ ನಮ್ಮ ಮನೆಯ ಮೇಲಿನ ಸಾಲಿನಲ್ಲಿರುವ ಬಾಳಮ್ಮ ಸಿಂದಗಿ ಕಡೆಯವಳು. ಇಪ್ಪತ್ತು ವರ್ಷದಿಂದ ಮಡಗಾಂವ್‌ನ ಕಟ್ಟಡಗಳಿಗೆ ಕಾಂಕ್ರೀಟ್ ಬುಟ್ಟಿ ಹೊರುತ್ತಿದ್ದಾಳೆ. ಗಂಡನಿಗೂ ಕೆಲಸ ಮಾಡಿಸುವ ಮುಕಾದಮನಿಗೂ ಎದುರು ಮಾತಾಡುವ ಗಟ್ಟಿ ಹೆಂಗಸು. ಅಂಥವಳನ್ನು ಹೆದರುಪುಕ್ಕಲಿ ಮಾಡಿದವನು ನಾನು, ಮಾರ್ಕೆಟ್ಟಿನಲ್ಲಿ ಫೋನ್ ರಿಪೇರಿ ಮಾಡುವ ಮಾನಪ್ಪ.

ಒಂದು ಕಾಲಕ್ಕೆ ನನ್ನ ಅಂಗಡಿಗೆ ಬರುತ್ತಿದ್ದವೆಲ್ಲ ಬಟನ್ ಫೋನುಗಳೇ. ಆಮೇಲೆ ಆಂಡ್ರಾಯ್ಡ್, ಐಫೋನ್, ವಿಂಡೋಸ್ ಮೂರೂ ಜಿದ್ದಿಗೆ ಬಿದ್ದವು. ವಿಂಡೋಸೇ ಗೆಲ್ಲುತ್ತದೆಂದು ನಾನು ಊರಿಗೆಲ್ಲ ಸಾರಿದೆ. ಹಳೆಯವನ್ನು ತಂದು ಕಪಾಟು ತುಂಬಿಸಿದೆ. ಎರಡು ಸಾವಿರದ ಹತ್ತೊಂಬತ್ತರ ಹೊತ್ತಿಗೆ ದುಡ್ಡಿದ್ದವರ ಕೈಯಲ್ಲಿ ಐಫೋನ್, ಉಳಿದವರ ಕೈಯಲ್ಲೆಲ್ಲ ಆಂಡ್ರಾಯ್ಡ್. ನನ್ನ ವಿಂಡೋಸನ್ನು ಮೂಸಿ ನೋಡುವವರಿರಲಿಲ್ಲ. ವರ್ಷ ಮುಗಿದರೆ ಅದರಲ್ಲಿ ವಾಟ್ಸಾಪ್ ನಡೆಯುವುದಿಲ್ಲ ಎಂಬ ಸುದ್ದಿಯೂ ಬಂದಿತ್ತು. ನನಗೆ ಅದು ಚೆನ್ನಾಗಿ ಗೊತ್ತಿತ್ತು.

ನವೆಂಬರಿನಲ್ಲಿ ಬಾಳಮ್ಮ ಬಂದಳು. ಮಗಳು ದ್ರಾಕ್ಷಾಯಿಣಿ ಊರಲ್ಲಿ ಹೆತ್ತಿದ್ದಳು, ಮೊಮ್ಮಗಳ ಮುಖ ವಾಟ್ಸಾಪಿನಲ್ಲಿ ನೋಡಬೇಕಿತ್ತು. ದಾರಿಯಲ್ಲೇ ಇದ್ದ ಅಬ್ರಾರನ ಫೋನ್ ಅಂಗಡಿ ದಾಟಿ ನನ್ನ ಹತ್ತಿರ ಬಂದದ್ದು ನಾನು ತನ್ನ ಊರ ಕಡೆಯವನೆಂದು. ಅವಳಿಗೇ ಒಂದು ವಿಂಡೋಸ್ ಫೋನು ಸಾಗಹಾಕಿದೆ. ಕೂಸಿನ ಮುಖ ಕಂಡ ದಿನ ಅವಳು ನಮ್ಮ ಮನೆಗೆ ಬಂದು ನನ್ನ ಹೆಂಡತಿ ರೇಣುಗೆ ಅಕ್ಕಿ, ಕೊಬ್ಬರಿ, ಕುಬಸದ ಕಣ ಹಾಕಿ ಉಡಿ ತುಂಬಿದಳು. ನಾನು ನಗುತ್ತ ನಿಂತಿದ್ದೆ.

ಹೊಸ ವರ್ಷಕ್ಕೆ ವಾಟ್ಸಾಪ್ ನಿಂತಿತು. ಬಾಳಮ್ಮ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು. ಸಿಮೆಂಟು ತಿಂದ ಅವಳ ಬೆರಳು ಪರದೆಗೆ ಬೇಗ ತಿಳಿಯುತ್ತಿರಲಿಲ್ಲ, ಅದಕ್ಕೆ ಒತ್ತಿ ಒತ್ತಿ ಹಿಡಿಯುತ್ತಿದ್ದಳು.

“ತಮ್ಮಾ, ನಾನಽ ಜೋರ್ ಒತ್ತಿ ಕೆಡಿಸೇನಿ ಕಾಣ್ತದ. ಬೈಬ್ಯಾಡಪಾ.”

ಮೂವರು ಗಿರಾಕಿಗಳು ನಿಂತು ಕೇಳುತ್ತಿದ್ದರು. “ಹೌದ್ರಿ ಬಾಳಕ್ಕಾ, ಇಷ್ಟು ಜೋರ್ ಒತ್ತಿದ್ರ ಹೆಂಗ್ರಿ?” ಎಂದುಬಿಟ್ಟೆ. ಅವಳು ಮುಖ ಸಣ್ಣದು ಮಾಡಿಕೊಂಡು ಗುಡ್ಡ ಹತ್ತಿದಳು.

ಮುಂದೆ ಅಳಿಯ ಆಂಡ್ರಾಯ್ಡ್ ಫೋನು ಕಳಿಸಿದ. ಬಾಳಮ್ಮ ಅದನ್ನು ಇವತ್ತಿನವರೆಗೆ ಮುಟ್ಟಿಲ್ಲ. ಕರೆ ಬಂದರೆ ಪಕ್ಕದ ಮನೆಯ ಮುಸ್ಕಾನ ಎತ್ತಿ ಹಿಡಿಯಬೇಕು. ಮುಸ್ಕಾನ ಇಲ್ಲದಿದ್ದರೆ ಫೋನು ಬಡಿದುಕೊಂಡು ಸುಮ್ಮನಾಗುತ್ತದೆ. ಆ ಸದ್ದು ನಮ್ಮ ಮನೆಗೆ ಕೇಳುತ್ತದೆ. ಆರು ವರ್ಷ ಕೇಳಿಯೂ ಕಿವುಡನಂತೆ ಊಟ ಮಾಡಿದ್ದೇನೆ. ನನ್ನ ಜನ್ಮಕ್ಕಿಷ್ಟು!

ಹೋದ ಭಾನುವಾರ ಅದು ಬಿಟ್ಟೂ ಬಿಡದೆ ಬಡಿದುಕೊಂಡಿತು. ತಡೆಯಲಾಗದೆ ರೇಣುವನ್ನೂ ಕರೆದುಕೊಂಡು ಮೇಲೆ ಹೋದೆ. ಮೊಮ್ಮಗಳ ಕರೆ. ಬಾಳಮ್ಮ ಫೋನಿನ ಮುಂದೆ ಕೂತು ನೋಡುತ್ತಿದ್ದಳು.

“ಎತ್ರಿ ಬಾಳಕ್ಕಾ.”

“ಬ್ಯಾಡಪಾ. ನನ್ನ ಕೈ ಚಲೋ ಇಲ್ಲ. ಇದನ್ನೂ ಕೆಡಿಸಿದ್ರ ಕೂಸಿನ ಮಾರಿ ಮತ್ತ ಕಾಣೂದಿಲ್ಲ.”

ಅಷ್ಟರಲ್ಲಿ ಕರೆ ನಿಂತಿತು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. “ಆವಾಗ ನೀವು ಕೆಡಿಸಿಲ್ರಿ. ಅದರಾಗ ವಾಟ್ಸಾಪ್ ನಿಲ್ತದಂತ ಗೊತ್ತಿದ್ದಽ ನಿಮಗ ಕೊಟ್ಟೆ. ಮಂದಿ ಮುಂದ ನಿಮ್ಮ ಮ್ಯಾಲ ಹಾಕಿದೆ. ಖರೇ ಹೇಳಾಕತ್ತೇನ್ರಿ,” ಎಂದೆ.

ಬಾಳಮ್ಮ ನಕ್ಕು ರೇಣು ಕಡೆ ತಿರುಗಿದಳು. “ನಿನ್ನ ಗಂಡ ಭಾಳ ದೊಡ್ಡ ಮನಸಿನಾವ ಬಿಡವ್ವಾ. ನನ್ನ ಸಮಾಧಾನಕ್ಕ ನನ್ನ ತಪ್ಪು ತನ್ನ ಮ್ಯಾಲ ಹಾಕ್ಕೊಳಾಕತ್ತಾನ.”

ರೇಣು ನನ್ನ ಮುಖ ನೋಡಿದಳು. ಫೋನು ಮತ್ತೆ ಬಡಿದುಕೊಂಡಿತು. ಬಾಳಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮುಸ್ಕಾನಳನ್ನು ಕೂಗಿದಳು.