ಚಿಕ್ಕವೆಂಕಟಮ್ಮನ ಕಣ್ಣು

ಮಾರಿಕುಪ್ಪದ ಕುಪ್ಪುಸ್ವಾಮಿಯವರು ಮೊದಲು ಲಾರಿಗಳ ಹಣೆಗೆ ದೇವರ ಚಿತ್ರ ಬರೆಯುತ್ತಿದ್ದರು. ಆಮೇಲೆ ಬಂಗಾರಪೇಟೆ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟು, ತೀರಿಹೋದವರ ಪಟಗಳನ್ನು ಎಣ್ಣೆ ಬಣ್ಣದಲ್ಲಿ ಮಾಡಿಕೊಡತೊಡಗಿದರು. ಆಗ ಹಳ್ಳಿಯ ಹೆಂಗಸರು ಬದುಕಿದ್ದಾಗ ಫೋಟೊ ತೆಗೆಸಿಕೊಳ್ಳುತ್ತಿದ್ದುದು ಕಡಿಮೆ. ಸತ್ತ ದಿನ ಗೋಡೆಗೆ ಒರಗಿಸಿ ಕೂರಿಸಿ ಒಂದು ತೆಗೆಸುತ್ತಿದ್ದರು. ಫೋಟೊದಲ್ಲಿ ಮುಚ್ಚಿರುವ ಕಣ್ಣನ್ನು ಪಟದಲ್ಲಿ ತೆರೆಸುವುದು ಕುಪ್ಪುಸ್ವಾಮಿಯವರ ಕೆಲಸ.

೧೯೮೩ರಲ್ಲಿ ಕ್ಯಾಸಂಬಳ್ಳಿ ಕಡೆಯ ಬಚ್ಚಪ್ಪನವರು ತಮ್ಮ ಹೆಂಡತಿ ಚಿಕ್ಕವೆಂಕಟಮ್ಮನವರ ಅಂಥ ಫೋಟೊ ಕೊಟ್ಟಿದ್ದರು. ಹೆಂಡತಿಯ ಮುಖ ಮತ್ತೆ ನೋಡಲು ಅವರಿಗೆ ಬೇರೆ ದಾರಿ ಇರಲಿಲ್ಲ. ವರ್ಷದ ತಿಥಿಯ ಹಿಂದಿನ ದಿನ ಮಗಳು ವರಲಕ್ಷ್ಮಮ್ಮನ ಜೊತೆ ಬಂದು ಪಟ ನೋಡಿದರು.

"ಇವ್ಳು ನಮ್ಮೋಳಲ್ಲ," ಎಂದರು.

ಮೂಗು, ಕಿವಿಯ ಓಲೆ, ಸೀರೆಯ ಅಂಚು ಎಲ್ಲ ಸರಿಯಾಗಿತ್ತು. ಕಣ್ಣು ಮಾತ್ರ ಅಗಲವಾಗಿ ನೇರಕ್ಕೆ ನೋಡುತ್ತಿತ್ತು. ಎರಡೂ ಪಾಪೆಗಳ ಒಳಗೆ ಒಂದೊಂದು ಬಿಳಿ ಚುಕ್ಕೆ ಹೊಳೆಯುತ್ತಿತ್ತು.

"ಅಮ್ಮ ನಗ್ತಾ ಇದ್ರೆ ಸರಿ ಓಯ್ತದೇನೋ," ಎಂದಳು ವರಲಕ್ಷ್ಮಮ್ಮ.

"ತುಟಿ ತುದಿ ಸ್ವಲ್ಪ ಎತ್ತಿದ್ರೆ ಆಯ್ತಮ್ಮಾ," ಎಂದರು ಕುಪ್ಪುಸ್ವಾಮಿ.

"ನನ್ ಮನೇಲಿ ಒಂದಿನಾನೂ ನಗ್ದೋಳ್ನ ನಿನ್ ಅಂಗ್ಡೀಲಿ ನಗುಸ್ತೀಯಾ?" ಎಂದರು ಬಚ್ಚಪ್ಪ. "ಇದು ಮಾರಮ್ಮನ ಕಣ್ಣು ಕಣಯ್ಯ. ಕೈ ಮುಗೀಬೇಕು ಅನ್ನುಸ್ತದೆ."

ಕುಪ್ಪುಸ್ವಾಮಿಯವರದು ಭಕ್ತರು ಎಲ್ಲಿ ನಿಂತರೂ ದೇವರು ಅವರನ್ನೇ ನೋಡುವಂತೆ ಬರೆದು ರೂಢಿಯಾದ ಕೈ. ಎಲ್ಲ ಪಟಗಳಿಗೂ ಅದೇ ಕಣ್ಣು ಇಡುತ್ತಿತ್ತು.

ಬಣ್ಣ ಹಸಿಯಾಗಿತ್ತು. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಪಟದ ಕಣ್ಣನ್ನು ಒರೆಸಿ ತೆಗೆದರು. "ಎಂಗೆ ನೋಡ್ತಿದ್ರು, ತೋರ್ಸಿ ಯಜಮಾನ್ರೇ."

ಬಚ್ಚಪ್ಪನವರು ಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಸುವಿನ ಹೊಟ್ಟೆಗೆ ಒತ್ತುವಂತೆ ತಲೆಯನ್ನು ಗೋಡೆಗೆ ಒತ್ತಿ, ಹಾಲು ಕರೆಯುವವರ ಹಾಗೆ ಕೈ ಆಡಿಸಿದರು. ಕಣ್ಣು ಓರೆಯಾಗಿ ಕೆಳಗಿತ್ತು. ಬಾಗಿಲಲ್ಲಿ ಯಾರೋ ನಕ್ಕರು. ಬಚ್ಚಪ್ಪನವರು ಏಳಲಿಲ್ಲ.

ಕುಪ್ಪುಸ್ವಾಮಿ ಪಾಪೆಗಳನ್ನು ಎಡ ಮೂಲೆಗೆ ಸರಿಸಿದರು. ರೆಪ್ಪೆ ಇಳಿಸಿ, ಅದರ ಕೆಳಗೆ ಕಂದು ನೆರಳು ಎಳೆದರು. ಬಿಳಿ ಚುಕ್ಕೆ ಇಡಲಿಲ್ಲ.

"ಅಮ್ಮಂಗೆ ಕೋಪ ಬಂದಂಗೈತಲ್ಲಪ್ಪಾ!"

"ಕೋಪ ಅಲ್ಲ ಕಣಮ್ಮಾ," ಬಚ್ಚಪ್ಪನವರ ದನಿ ಇಳಿದಿತ್ತು. "ಕರು ಹಗ್ಗ ಬಿಚ್ಕೊಂಡ್ ಬತ್ತೈತಾ ಅಂತ ನೋಡ್ತಾವ್ಳೆ."

ಹಸಿ ಪಟವನ್ನು ಯಾರಿಗೂ ತಾಗದಂತೆ ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದು ಕೂತು ಊರಿಗೆ ಹೋದರು. ಮನೆಯಲ್ಲಿ ಅದನ್ನು ಬಾಗಿಲಿಗೆ ಎದುರಾಗಿ ಹಾಕಲಿಲ್ಲ. ಮೊಳೆಯನ್ನು ಪಕ್ಕದ ಗೋಡೆಗೆ ಹೊಡೆದರು. ಅಲ್ಲಿಂದ ಚಿಕ್ಕವೆಂಕಟಮ್ಮನವರ ಕಣ್ಣು ಕೊಟ್ಟಿಗೆಯ ಕಡೆಗಿದೆ.