ಗೈಡಣ್ಣ ಓದುವ ಕಲ್ಲು

ಬೆಳಿಗ್ಗೆ ಪಾಳುಕೋಟೆ, ಮಧ್ಯಾಹ್ನ ಕಡಲು, ಸಂಜೆ ಬೆಟ್ಟ. ಒಂದೇ ದಿನದಲ್ಲಿ ಮೂರನ್ನೂ ಮುಗಿಸಿ ಬಸ್ಸು ಹತ್ತುವ ಜನವೆಂದರೆ ಗೈಡಣ್ಣನಿಗೆ ಮೈಯೆಲ್ಲ ಉರಿ. "ಸಾವಿರ ವರ್ಷದ ಕಲ್ಲಿಗೆ ಎರಡು ನಿಮಿಷ, ಮರಳಲ್ಲಿ ಹೊರಳಾಡೋಕೆ ಎರಡು ಗಂಟೆ! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ?" ಎಂದು ಹೆಂಡತಿಯೆದುರು ದಿನಾ ಅದೇ ರಾಗ.

ಹಾಗೆ ನೋಡಿದರೆ ಗೈಡಣ್ಣನ ವಿದ್ಯೆಯೂ ಅಷ್ಟಕ್ಕಷ್ಟೇ. ಕೋಟೆಬಾಗಿಲ ಪಕ್ಕದ ಹಳೇ ಲಿಪಿಯ ಶಾಸನದಲ್ಲಿ ಒಂದಕ್ಷರವನ್ನೂ ಅವನು ಓದಲಾರ. ಅವನಿಗಿಂತ ಮೊದಲು ಅಲ್ಲಿ ಗೈಡಾಗಿದ್ದ ಮಾವ, ಅಂದರೆ ಹೆಂಡತಿಯ ಅಪ್ಪ, ಹನ್ನೊಂದು ಸಾಲಿನ ಅರ್ಥವನ್ನು ಬಾಯಿಪಾಠ ಮಾಡಿಸಿ, ಯಾವ ಮಾತಿಗೆ ಬೆರಳು ಎಲ್ಲಿರಬೇಕೆಂದು ತೋರಿಸಿಕೊಟ್ಟು ಕಣ್ಣು ಮುಚ್ಚಿದ್ದ. ಇಪ್ಪತ್ತೆರಡು ವರ್ಷದಿಂದ ಇವನು ಅದೇ ಗಿಳಿಪಾಠ ಒಪ್ಪಿಸುತ್ತ, ಕೇಳಿ ತಲೆಯಾಡಿಸುವವರನ್ನು ಕುರಿಗಳೆಂದು ಬೈದುಕೊಳ್ಳುತ್ತ ಬಂದಿದ್ದ. ಆರು ವರ್ಷದ ಹಿಂದೆ ಬಿರುಗಾಳಿಗೆ ಆ ಕಲ್ಲು ಉರುಳಿತು. ಕೂಲಿಯವರು ಬಂದು ಎತ್ತಿ ನಿಲ್ಲಿಸಿ ಹೋದರು. ಮರುದಿನವೇ ಇವನ ಪಾಠ ಮತ್ತೆ ಶುರು.

ಈ ವರ್ಷ ಮಾತ್ರ ಹೊಸ ಕಂಟಕ ಬಂತು. ತನ್ನೆದುರು ಶಾಸನ ಓದಿ ವಿವರಿಸಿದವರಿಗಷ್ಟೇ ಗೈಡಿನ ಬಿಲ್ಲೆ, ಉಳಿದವರು ಮನೆಗೆ ಎಂದು ಪುರಾತತ್ವ ಇಲಾಖೆಯ ಹೊಸ ಅಧಿಕಾರಿ ಹೇಳಿಬಿಟ್ಟಿದ್ದ. ಬಿಲ್ಲೆ ಹೋದರೆ ಗೈಡಣ್ಣನಿಗೆ ಬೇರೆ ಕಸುಬು ಗೊತ್ತಿಲ್ಲ. ಹೆಂಡತಿ ಕೋಟೆಯಲ್ಲಿ ಕಸ ಗುಡಿಸಿ ತಂದದ್ದನ್ನು ಕೂತು ಉಣ್ಣಬೇಕು. ಅದಕ್ಕಿಂತ ಕಡಲಿಗೆ ಹಾರುವುದೇ ವಾಸಿ ಅನ್ನಿಸಿತು ಅವನಿಗೆ.

ಅಧಿಕಾರಿ ಬಂದ. ಕಪ್ಪು ಕನ್ನಡಕ, ಕಂಕುಳಲ್ಲಿ ದಪ್ಪ ಪುಸ್ತಕ. ಗೈಡಣ್ಣ ಮೇಲಿನ ಸಾಲಿಗೆ ಬೆರಳಿಟ್ಟು, "ಕಡಲನ್ನೇ ಕಂದಕ ಮಾಡಿಕೊಂಡ, ಬೆಟ್ಟವನ್ನೇ ಗೋಡೆ ಮಾಡಿಕೊಂಡ ಅರಸನು..." ಎಂದು ಹಿಡಿದವನು ಹನ್ನೊಂದನೆಯ ಸಾಲು ಮುಗಿಸಿಯೇ ಉಸಿರು ಬಿಟ್ಟ. ಅಧಿಕಾರಿ ಕಲ್ಲಿಗೆ ಮೂಗು ತಾಗುವಷ್ಟು ಬಗ್ಗಿ ಹೂಂ, ಹೂಂ ಎಂದ. "ಒಂದಕ್ಷರ ತಪ್ಪಿಲ್ಲ ಕಣ್ರೀ!" ಎಂದು ಬೆನ್ನು ತಟ್ಟಿ, ಬಿಲ್ಲೆ ಕೊಟ್ಟು, ಬೀಚಿನ ದಾರಿ ಕೇಳಿಕೊಂಡು ಹೋದ.

ಗೈಡಣ್ಣ ಎದೆಯುಬ್ಬಿಸಿಕೊಂಡು ಮನೆಗೆ ಬಂದ. "ಅವನೂ ಕುರೀನೇ ಕಣೇ! ಅಕ್ಷರ ಬರಲ್ಲ, ಹೂಂಗುಟ್ಟೋದು ಬರುತ್ತೆ."

ಸೊಪ್ಪು ಸೋಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಕಲ್ಲು ತಲೆಕೆಳಗಾಗಿ ಆರು ವರ್ಷ ಆಯ್ತಲ್ರೀ," ಎಂದಳು. "ಅಪ್ಪ ನಿಮಗೆ ಕಲಿಸುವಾಗ ನಾನೂ ಅಲ್ಲೇ ಇದ್ದೆ. ಆಗ ಹಕ್ಕಿ ಚಿತ್ರ ಮೇಲಿತ್ತು. ಈಗ ಬುಡದಲ್ಲಿ ಕಾಲು ಮೇಲೆ ಮಾಡ್ಕೊಂಡು ಬಿದ್ದಿದೆ. ದಿನಾ ಅದರ ಸಂದೀಲಿ ಮಣ್ಣು ಕೆರೆಯೋಳು ನಾನು."

ಗೈಡಣ್ಣನ ಮುಖ ಹುಳ್ಳಗಾಯಿತು. "ಆಗಲೇ ಬಾಯಿಬಿಡೋಕೆ ಏನಾಗಿತ್ತೇ ನಿಂಗೆ?"

"ಬಿಟ್ಟಿದ್ದೆ. ಕಸ ಗುಡಿಸೋಳಿಗೆ ಶಾಸನದ ಉಸಾಬರಿ ಯಾಕೆ ಅಂದ್ರಿ."

ಮರುದಿನ ಬಸ್ಸಿಳಿದ ಗುಂಪಿನೆದುರು ಅವನು ಬುಡದ ಸಾಲಿನ ಬಲತುದಿಗೆ ಬೆರಳಿಟ್ಟ. ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ ಓದತೊಡಗಿದ. ಇದೇನು ಹೀಗೆ ಎಂದು ಒಬ್ಬರೂ ಕೇಳಲಿಲ್ಲ, ಎಲ್ಲರೂ ತಲೆಯಾಡಿಸಿದರು. ಅತ್ತ ಗುಡಿಸುತ್ತಿದ್ದ ಹೆಂಡತಿ ಪೊರಕೆ ನಿಲ್ಲಿಸಿ ಅವನ ಬೆರಳನ್ನೇ ನೋಡುತ್ತಿದ್ದಳು. ನಾಲ್ಕನೆಯ ಸಾಲಿಗೆ ಬಂದಾಗ ಅವಳು ಅಲ್ಲ ಎಂಬಂತೆ ಕೈಯಾಡಿಸಿದಳು.

ಗೈಡಣ್ಣ ಬೆರಳನ್ನು ಒಂದು ಸಾಲು ಕೆಳಕ್ಕಿಳಿಸಿದ, ಕುರಿಯ ಹಾಗೆ.