ಫ್ಲಾಪಿಯೊಳಗಿನ ಊರು

“ನಾವು ವಾಪಸ್ ಬರೋಷ್ಟರಲ್ಲಿ ನನ್ನ ಊರು ಸ್ಕ್ರೀನ್ ಮೇಲಿರ್ಬೇಕು, ನೋಡಿ” ಎಂದು ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು. ಅವಳ ಹಿಂದೆ ಪಕ್ಕದ ಅಪಾರ್ಟ್‌ಮೆಂಟಿನ ಆಂಟಿ ಕಾರಿನ ಕೀ ಕುಣಿಸುತ್ತಾ, “ಬಾಮ್ಮಾ, ಅಭಿಷೇಕ ಶುರುವಾಗ್ಬಿಡತ್ತೆ. ಕಂಪ್ಯೂಟರ್‌ನೋರನ್ನೇ ಮದುವೆ ಆಗಿದೀಯ, ಅಷ್ಟೂ ಮಾಡ್ಕೊಡಲ್ವಾ?” ಎಂದರು. ಇಬ್ಬರೂ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೊರಟರು. ನಾವಿದ್ದ ಎಲಿಕಾಟ್ ಸಿಟಿಯಿಂದ ಅಲ್ಲಿಗೆ ಹೋಗಿ, ಪೂಜೆ ಮುಗಿಸಿ, ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿಂದು ಹಿಂತಿರುಗಲು ನಾಲ್ಕು ಗಂಟೆ ಬೇಕು. ದೇವರು ನನಗೆ ದಯಪಾಲಿಸಿದ ಕಾಲಾವಕಾಶ ಅಷ್ಟೇ.

ಊರು ಎಂದರೆ ನಿಜವಾದ ಊರಲ್ಲ. ಈ ಮಾತನ್ನು ಅವಳೆದುರು ಹೇಳುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅದು ವಿಂಡೋಸ್‌ಗಿಂತ ಮುಂಚಿನ ಡಾಸ್ ಕಾಲದ ಒಂದು ಕಂಪ್ಯೂಟರ್ ಆಟ. ಖಾಲಿ ನೆಲದ ಮೇಲೆ ರಸ್ತೆ ಎಳೆದು, ಮನೆ, ಶಾಲೆ, ಕರೆಂಟು ಒದಗಿಸಿ ಊರು ಕಟ್ಟಬೇಕು. ಅವಳಿಗೆ ಹೊತ್ತು ಹೋಗಲಿ ಎಂದು ನಾನೇ ತಂದುಕೊಟ್ಟಿದ್ದೆ. ಅವಳು ಮೈಸೂರಿನಲ್ಲಿ ನಗರ ಯೋಜನೆ ಓದಿ, ಮೂರು ವರ್ಷ ಅದೇ ಕೆಲಸ ಮಾಡಿ, ನನ್ನ ವೀಸಾದ ಬಾಲ ಹಿಡಿದು ಅಮೆರಿಕಕ್ಕೆ ಬಂದವಳು. ಬಾಲ ಹಿಡಿದವರಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಹಾಗಾಗಿ ಆಟದಲ್ಲಿ ಚರಂಡಿಗೆ ಅವಕಾಶವೇ ಇಲ್ಲವೆಂದು ಮೊದಲ ದಿನವೇ ಆಕ್ಷೇಪಣೆ ಸಲ್ಲಿಸಿ, ಎರಡನೆಯ ದಿನ ಊರಿನ ನಕ್ಷೆ ಬರೆಯಲು ಗ್ರಾಫ್ ಹಾಳೆ ತರಿಸಿಕೊಂಡಳು. ಎರಡು ವರ್ಷ, ನಾನು ಆಫೀಸಿಗೆ ಹೋದ ಮೇಲೆ ಅವಳು ಆ ಊರಿಗೆ ಹೋಗುತ್ತಿದ್ದಳು. ಅಮೆರಿಕದಲ್ಲಿ ನೀನು ಮಾಡಿದ್ದೇನು ಎಂದು ಯಾರಾದರೂ ಕೇಳಿದ್ದರೆ ಅವಳು ತೋರಿಸಬಹುದಾಗಿದ್ದದ್ದು ಅದೊಂದನ್ನೇ.

ನಾನಾದರೋ ಹಳೆಯ ಕಂಪ್ಯೂಟರನ್ನು ಅಟ್ಲಾಂಟಾದ ಗೆಳೆಯನಿಗೆ ಕೊಟ್ಟು, ವಿಂಡೋಸ್ ಇರುವ ಹೊಸದನ್ನು ತಂದಿದ್ದೆ. ಊರನ್ನು ಒಂದು ಫ್ಲಾಪಿಗೆ ಇಳಿಸಿಕೊಂಡಿದ್ದೆ. ಒಂದೇ ಒಂದು ಫ್ಲಾಪಿಗೆ. ಬ್ಯಾಕಪ್ ಇಲ್ಲದವರನ್ನು ಆಫೀಸಿನಲ್ಲಿ ಬೈಯುವುದೇ ನನ್ನ ಉದ್ಯೋಗವಾಗಿತ್ತು ಎಂಬುದನ್ನು ಇಲ್ಲಿ ವಿನಯದಿಂದ ನಮೂದಿಸುತ್ತೇನೆ.

ಮೊದಲ ಅಡ್ಡಿ ಆಟದ್ದೇ. ಹೊಸ ಯಂತ್ರದಲ್ಲಿ ಮೆಮರಿ ಧಾರಾಳವಾಗಿತ್ತು. ಆದರೆ ಡಾಸ್ ಆಟಗಳಿಗೆ ಬೇಕಾದದ್ದು ಮೊದಲ ಆರುನೂರ ನಲವತ್ತು ಕಿಲೋಬೈಟಿನಲ್ಲೇ ಜಾಗ. ಅಲ್ಲಿ ಆಯಾ ಸಾಧನ ನಡೆಸುವ ಪ್ರೋಗ್ರಾಮ್‌ಗಳು, ಅಂದರೆ ಮೌಸಿನವನು, ಸೀಡಿಯವನು, ಸೌಂಡಿನವನು ಎಲ್ಲರೂ ಬಸ್ಸಿನ ಮುಂದಿನ ಸೀಟಿಗೆ ಟವೆಲ್ ಹಾಕಿದಂತೆ ಕುಳಿತಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿ ಹಿಂದಕ್ಕೆ ಕಳಿಸಿ, ಪ್ರತಿ ಸಲವೂ ಯಂತ್ರವನ್ನು ಆರಿಸಿ ಹಚ್ಚಿ, ಕೊನೆಗೆ ಆಟದ ಹೆಸರು ಪರದೆಯ ಮೇಲೆ ಮೂಡುವಷ್ಟರಲ್ಲಿ ಒಂದೂವರೆ ಗಂಟೆ ಹೋಗಿತ್ತು. ಸಂತೋಷದಿಂದ ಊರಿನ ಫ್ಲಾಪಿ ತುರುಕಿದೆ.

ಕರ್ರ್ ಎಂದಿತು. ಮತ್ತೆ ಕರ್ರ್ ಎಂದಿತು. ಬಿಳಿ ಅಕ್ಷರಗಳು ಬಂದವು: ಅಬಾರ್ಟ್, ರಿಟ್ರೈ, ಫೇಲ್? ಕೈಬಿಡುತ್ತೀಯೋ, ಮತ್ತೆ ಯತ್ನಿಸುತ್ತೀಯೋ, ಸೋಲುತ್ತೀಯೋ ಎಂದು ಮೂರೇ ಮಾತಿನಲ್ಲಿ ಡಾಸ್ ಕೇಳುತ್ತಿತ್ತು. ಮತ್ತೆ ಮತ್ತೆ ಯತ್ನಿಸಿದೆ. ಕರ್ರ್.

ಫ್ಲಾಪಿ ಹೊರತೆಗೆದು ಅದರ ತಗಡಿನ ಬಾಗಿಲು ಸರಿಸಿ ನೋಡಿದೆ. ಒಳಗಿನ ಕಂದು ತಟ್ಟೆಯ ಮೇಲೆ ಕುಂಕುಮವಿತ್ತು.

ಹಚ್ಚಿದವನು ನಾನೇ. ಎರಡು ವಾರದ ಹಿಂದಿನ ಆಯುಧಪೂಜೆಯಲ್ಲಿ ಕಾರು, ಮಿಕ್ಸಿ, ಕಂಪ್ಯೂಟರ್ ಎಲ್ಲಕ್ಕೂ ಪೂಜೆ ಮಾಡಿ ಫ್ಲಾಪಿಯ ಸರದಿ ಬಂದಾಗ ಹೆಂಡತಿ ಅಡುಗೆಮನೆಯಿಂದಲೇ, “ಲೇಬಲ್ ಮೇಲೆ ಇಟ್ರೆ ಸಾಕು ರೀ” ಎಂದು ಕೂಗಿದ್ದಳು. ನಾನು ಶಾಸ್ತ್ರ ವಿಚಾರ ಮಾಡಿದೆ. ಕತ್ತಿಗೆ ಪೂಜೆ ಮಾಡುವವರು ಒರೆಗೆ ಕುಂಕುಮ ಹಚ್ಚಿ ಸುಮ್ಮನಾಗುತ್ತಾರೆಯೇ? ಬಾಗಿಲು ಸರಿಸಿ, ಕಲಸಿದ ಅರಿಶಿನ ಒಂದು ಬೊಟ್ಟು, ಅದರ ಮೇಲೆ ಕುಂಕುಮ ಒಂದು ಬೊಟ್ಟು ಆಯುಧಕ್ಕೇ ಇಟ್ಟಿದ್ದೆ. ಈಗ ಡ್ರೈವು ಅದನ್ನು ಗರಗರ ತಿರುಗಿಸಿ ವರ್ತುಲಾಕಾರವಾಗಿ ಬಳಿದಿತ್ತು.

ಅಟ್ಲಾಂಟಾಕ್ಕೆ ಫೋನ್ ಮಾಡಿದೆ.

“ಲೋ, ನಮ್ಮ ಹಳೇ ಕಂಪ್ಯೂಟರ್ ಡಿಸ್ಕಲ್ಲಿ ಒಂದು ಊರಿತ್ತು…”

“ಎಲ್ಲಾ ಕ್ಲೀನ್ ಮಾಡ್ದೆ ಗುರು, ಫುಲ್ ಫಾರ್ಮ್ಯಾಟ್. ಯಾಕೆ?”

“ಅದು ಅವಳ ಊರು ಕಣೋ.”

“ನಾನು ಫೋನ್ ಎತ್ತೇ ಇಲ್ಲ ಅನ್ಕೋ” ಎಂದು ಇಟ್ಟುಬಿಟ್ಟ.

ಗಡಿಯಾರದಲ್ಲಿ ಇನ್ನೊಂದೂವರೆ ಗಂಟೆ ಉಳಿದಿತ್ತು. ಇಂಟರ್ನೆಟ್ ಕಂಪನಿಯವರು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದ ಫ್ಲಾಪಿಯೊಂದನ್ನು ಬೆಣ್ಣೆ ಚಾಕುವಿನಿಂದ ಸೀಳಿ, ಅದರ ಕರುಳು ತೆಗೆದು ಕವಚ ಖಾಲಿ ಮಾಡಿಕೊಂಡೆ. ಆಮೇಲೆ ಊರಿನ ಫ್ಲಾಪಿಗೆ ಚಾಕು ಇಟ್ಟೆ. ಟಕ್ ಎಂದಿತು. ಮುರಿದದ್ದು ಹೊರಗಿನ ಪ್ಲಾಸ್ಟಿಕ್ ಮಾತ್ರ. ತಟ್ಟೆಯನ್ನು ನಡುವಿನ ಲೋಹದಲ್ಲಿ ಹಿಡಿದು, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದೆ. ಹತ್ತಿ ಕೆಂಪಾಯಿತು. ಇನ್ನೊಂದು ಚೂರು, ಅದೂ ಕೆಂಪು. ಹೆಚ್ಚು ಉಜ್ಜಿದರೆ ಶಾಲೆಯೋ ಬಸ್ ಸ್ಟ್ಯಾಂಡೋ ಅಳಿಸಿಹೋಗಬಹುದು. ಕಡಿಮೆ ಉಜ್ಜಿದರೆ ಪೂರ್ತಿ ಊರೇ ಸಿಗದು. ಮುತ್ತೈದೆಯ ಕುಂಕುಮ ಒರೆಸುವ ಪಾಪ ಬೇರೆ. ತಟ್ಟೆ ಒಣಗಿದ ಮೇಲೆ ಹೊಸ ಕವಚದೊಳಗಿಟ್ಟು, ಅಂಚಿಗೆ ಟೇಪ್ ಸುತ್ತಿ, ಡ್ರೈವಿನ ಬಾಯಿಯನ್ನೂ ಒರೆಸಿ, ಫ್ಲಾಪಿ ಒಳಕ್ಕೆ ತಳ್ಳಿದೆ.

ಕಾಪಿ ಎಂದು ಬರೆದು ಎಂಟರ್ ಒತ್ತಿದೆ. ತಿರುಗಿತು. ನಿಂತಿತು. ಕರ್ರ್. ಅಬಾರ್ಟ್, ರಿಟ್ರೈ, ಫೇಲ್? ರಿಟ್ರೈ. ಕರ್ರ್. ರಿಟ್ರೈ. ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದು, ಮೆಟ್ಟಿಲಲ್ಲಿ ಆಂಟಿಯ ನಗು. ರಿಟ್ರೈ. ಬೀಗದಲ್ಲಿ ಕೀ ತಿರುಗುವ ಹೊತ್ತಿಗೆ ಪರದೆ ಹೇಳಿತು: ಒಂದು ಫೈಲ್ ಕಾಪಿಯಾಯಿತು.

ಹೆಂಡತಿ ಒಳಗೆ ಬಂದವಳೇ ಮೇಜಿನ ಮೇಲಿನ ಹತ್ತಿ ನೋಡಿದಳು. “ಅಯ್ಯೋ ರಕ್ತ! ಕೈ ಕುಯ್ಕೊಂಡ್ರಾ?”

“ಇಲ್ಲ. ಕುಂಕುಮ.”

ಒಡೆದ ಫ್ಲಾಪಿ ಕವಚವನ್ನು ಎತ್ತಿ, ಅದರ ಮೇಲೆ ತಾನೇ ಬರೆದ ಊರಿನ ಹೆಸರು ಓದಿದಳು. ಪ್ರಸಾದದ ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು. “ಒಳಗೆ ಹಚ್ಚಿದ್ರಾ?”

“ಶಾಸ್ತ್ರ ಪ್ರಕಾರ…”

“ಊರು ಇದ್ಯಾ, ಇಲ್ವಾ? ಅದ್ ಹೇಳಿ.”

ಉತ್ತರ ನನಗೂ ಗೊತ್ತಿರಲಿಲ್ಲ. ಆಟ ಹಚ್ಚಿ, ಫೈಲ್ ತೆರೆದೆ. ನದಿ ಬಂತು, ಸೇತುವೆ ಬಂತು, ಗ್ರಾಫ್ ಹಾಳೆಯಲ್ಲಿದ್ದ ವೃತ್ತ, ವೃತ್ತದಿಂದ ಹೊರಟ ಏಳು ಬೀದಿಗಳು ಬಂದವು. ಅವಳು ಉಸಿರು ಬಿಟ್ಟದ್ದು ನನ್ನ ಕಿವಿಗೆ ತಾಗಿತು.

ಅಷ್ಟರಲ್ಲಿ ಊರು ಓಡತೊಡಗಿತು. ಹಳೆಯ ಯಂತ್ರದಲ್ಲಿ ಒಂದು ವರ್ಷ ಕಳೆಯಲು ಕಾಫಿ ಕುಡಿಯುವಷ್ಟು ಹೊತ್ತು ಬೇಕಿತ್ತು. ಹೊಸದರ ವೇಗಕ್ಕೆ ವರ್ಷಗಳು ಪಟಪಟ ಉದುರಿದವು. ಪವರ್ ಸ್ಟೇಷನ್ ಹಳತಾಗಿ ಸಿಡಿಯಿತು, ಮಾರ್ಕೆಟ್ಟಿಗೆ ಬೆಂಕಿ ಹತ್ತಿತು, ಏಳು ಬೀದಿಗಳೂ ಕಪ್ಪಾದವು.

“ನಿಲ್ಸ್ರೀ! ನಿಲ್ಸಿ!”

ನಾನು ಮೌಸ್ ಹಿಡಿದು ತಡಕಾಡುವಷ್ಟರಲ್ಲಿ ಹದಿನೆಂಟು ವರ್ಷ ಹೋದವು. ಕೊನೆಗೆ ಕರೆಂಟಿನ ಸ್ವಿಚ್ಚನ್ನೇ ಆರಿಸಿದೆ.

“ಸೇವ್ ಆಯ್ತಾ ಅದು?”

“ಇಲ್ಲ. ಫೈಲ್ ಹಾಗೇ ಇದೆ. ಆದ್ರೆ ಈ ಮೆಷಿನ್ ಸ್ಪೀಡಿಗೆ…”

“ಏಳಿ.”

ನನ್ನ ಕುರ್ಚಿಯಲ್ಲಿ ಕುಳಿತು ಆಟವನ್ನು ಮತ್ತೆ ಹಚ್ಚಿದಳು. ಊರು ಮೂಡಿದ ಕ್ಷಣದಲ್ಲೇ ಅವಳ ಬೆರಳು ಆಟವನ್ನು ತಡೆಹಿಡಿಯುವ ಪಾಜ್ ಕೀ ಮೇಲೆ ಬಿತ್ತು. ಎಲ್ಲವೂ ನಿಂತಿತು. ನಿಂತ ಕಾಲದಲ್ಲೂ ಕಟ್ಟಬಹುದು ಎಂಬುದು ಎರಡು ವರ್ಷ ಆಡಿದ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವಳು ಗ್ರಾಫ್ ಹಾಳೆ ತಂದು ಹರಡಿದಳು, ಮುಂದಿನ ವರ್ಷಕ್ಕೆ ಬೇಕಾದದ್ದನ್ನೆಲ್ಲ ಕಟ್ಟಿದಳು: ಹೊಸ ಪವರ್ ಸ್ಟೇಷನ್, ಮಾರ್ಕೆಟ್ ಪಕ್ಕ ಫೈರ್ ಸ್ಟೇಷನ್. ಆಮೇಲೆ ಕೀಲಿಮಣೆಯನ್ನು ನನ್ನ ತೊಡೆಯ ಮೇಲಿಟ್ಟು, ತಾನು ಮೌಸ್ ಹಿಡಿದು ಹೇಳಿದಳು:

“ನಾನು ಬಿಡಿ ಅಂದಾಗ ಊರನ್ನ ಓಡಕ್ಕೆ ಬಿಡಿ. ಒತ್ತಿ ಅಂದಾಗ ಪಾಜ್ ಒತ್ತಿ. ಇವತ್ತಿಂದ ಇಷ್ಟೇ ನಿಮ್ ಕೆಲ್ಸ.”

“ಬಿಡಿ.” ಒಂದು ವರ್ಷ ರೆಪ್ಪೆ ಬಡಿದಂತೆ ಹೋಯಿತು. “ಒತ್ತಿ.”

ಊರಿಗೆ ಬೆಂಕಿ ಬಿದ್ದಿರಲಿಲ್ಲ. ಅವಳು ಒಂದು ಗಂಟೆ ಪರದೆ ಪರೀಕ್ಷಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ನಾಲ್ಕು ಮನೆಸಾಲು ಕಟ್ಟಿ, ಮತ್ತೆ “ಬಿಡಿ” ಎಂದಳು. ನಾನು ಊರನ್ನು ಓಡಲು ಬಿಟ್ಟು, ಬೆರಳನ್ನು ಪಾಜ್ ಕೀ ಮೇಲೇ ಇಟ್ಟುಕೊಂಡು ಅವಳ “ಒತ್ತಿ”ಗೆ ಕಾದೆ.